ಚೌರಪ್ಪ ಮಾಸ್ಟರ ಬೆತ್ತದ ಕುರ್ಚಿ

ಮದುವೆ, ಮುಂಜಿ, ಸಭೆ, ಸಮಾರಂಭ, ಎಲ್ಲಿಗೇ ಹೋಗಲಿ, ಖಾಲಿ ಕುರ್ಚಿ ಕಂಡ ಕೂಡಲೇ ಹೋಗಿ ಕೂರುವ ಜಾಯಮಾನ ನನ್ನದಲ್ಲ. ಮೊದಲು ಅದರ ಮುಂದೆ ನಿಂತು, ಸ್ವಲ್ಪ ಬಾಗಿ, "ಇಲ್ಲಿ ಯಾರಾದರೂ ಇದ್ದಾರಾ?" ಎಂದು ಕೇಳುತ್ತೇನೆ. ಇದರಲ್ಲೇನು ವಿಶೇಷ, ಎಲ್ಲರೂ ಕೇಳುತ್ತಾರಲ್ಲ ಎನ್ನುತ್ತೀರಿ. ಎಲ್ಲರೂ ಕೇಳುವುದು ಪಕ್ಕದಲ್ಲಿ ಕೂತವರನ್ನು. ನಾನು ಕೇಳುವುದು ಕುರ್ಚಿಯನ್ನು. ಕೇಳಿ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಕಿವಿಗೊಟ್ಟು ನಿಂತು, ಆಮೇಲೆ ಕೂರುತ್ತೇನೆ.

ಹೋದ ವಾರ ನೆಂಟರ ಮನೆಯ ನಾಮಕರಣದಲ್ಲೂ ಹೀಗೇ ಆಯಿತು. ನನ್ನಾಕೆ ಸೆರಗು ಬಾಯಿಗೆ ಅಡ್ಡ ಹಿಡಿದು, "ಕೂತ್ಕೊಳ್ರೀ, ಜನ ನೋಡ್ತಿದಾರೆ. ಕುರ್ಚಿ ಏನು ಬಾಯಿಬಿಟ್ಟು ಹೇಳುತ್ತಾ?" ಎಂದು ಗದರಿದಳು. ಹೇಳುವುದಿಲ್ಲ, ಸರಿ. ಆದರೆ ಬಾಯೇ ಬಿಡಬೇಕೆಂದು ಯಾರು ಹೇಳಿದರು? ಅಷ್ಟು ಜನರ ನಡುವೆ ಅದನ್ನೆಲ್ಲ ವಿವರಿಸುತ್ತ ಕೂರಲಾಗಲಿಲ್ಲ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ. ಗಿಟಾರಿನಿಂದ ಶುರುಮಾಡಬೇಕು. ಅಲ್ಲ, ಅದಕ್ಕೂ ಮುಂಚೆ ತಂತಿ ಕಂಬದಿಂದ.

ನಾನು ಹುಡುಗನಾಗಿದ್ದಾಗ ನಮ್ಮ ಮತ್ತಿಕೆರೆ ಅಪ್ಪಟ ಹಳ್ಳಿ. ಯಶವಂತಪುರದ ರೈಲು ನಿಲ್ದಾಣದ ಕಡೆಗೆ ರಾಗಿ ಹೊಲಗಳ ನಡುವೆ ಒಂದು ಕಾಲುದಾರಿಯಿತ್ತು. ಅದರ ಪಕ್ಕದಲ್ಲಿ ಸಾಲಾಗಿ ತಂತಿ ಕಂಬಗಳು. ಕಂಬಕ್ಕೆ ಕಿವಿ ಹಚ್ಚಿ ನಿಂತರೆ ಒಳಗಿನಿಂದ 'ಊಂ' ಎಂಬ ಸದ್ದು. ಆ ಕಾಲದಲ್ಲಿ ನಮ್ಮಂಥವರ ಮನೆಗೆ ತಂತಿ ಬಂತೆಂದರೆ ಯಾರೋ ಹೋದರೆಂದೇ ಅರ್ಥ. ಓದುವುದಕ್ಕೆ ಮುಂಚೆಯೇ ಹೆಂಗಸರು ಅಳಲು ಶುರುಮಾಡುತ್ತಿದ್ದರು. ಆದ್ದರಿಂದ ಆ ಸದ್ದು ಸತ್ತವರು ತಂತಿಯ ಮೇಲೆ ನಡೆದು ಮನೆಗೆ ಸುದ್ದಿ ಹೇಳಲು ಹೋಗುವ ಸದ್ದೆಂದು ನಾವು ಹುಡುಗರು ತೀರ್ಮಾನಿಸಿದ್ದೆವು. ಉಳಿದವರು ಕೇಳಿ ಓಡಿಹೋಗುತ್ತಿದ್ದರು. ನಾನು ಮಾತ್ರ ಸುಡು ಮಧ್ಯಾಹ್ನ ಒಬ್ಬನೇ ಹೋಗಿ ಕಂಬ ತಬ್ಬಿಕೊಂಡು ನಿಲ್ಲುತ್ತಿದ್ದೆ. ಸ್ವರ ಮೆಲ್ಲಗೆ ಮೇಲೇರಿ, ಜಾರಿ, ಮತ್ತೆ ಏರುತ್ತಿತ್ತು. ಯಾರೋ ನನ್ನ ಹೆಸರು ಗೊತ್ತಿದ್ದೂ ಕೂಗಲೋ ಬೇಡವೋ ಎಂದು ಯೋಚಿಸುತ್ತಿರುವಂತೆ ಅನ್ನಿಸುತ್ತಿತ್ತು. ಸಂಜೆ ಕಂಬದಿಂದ ಕಿವಿಗೆ ಹತ್ತಿದ ಡಾಂಬರು ತಿಕ್ಕಿ ತೆಗೆಯುವಾಗ ಅಮ್ಮ ಬೈಯುತ್ತಿದ್ದಳು.

ಇದೇ ಸದ್ದನ್ನು ಮತ್ತೆ ಕೇಳಿದ್ದು ಯಶವಂತಪುರದ ಒಂದು ಗಣೇಶನ ಪೆಂಡಾಲಿನಲ್ಲಿ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಕೆಲಸ. ಬಾಲ್ಯದ ಗೆಳೆಯ ಮುನಿರಾಜು ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಅವನ ಜೊತೆ ಕಾಲಕ್ಷೇಪಕ್ಕೆಂದು ಹೋಗಿದ್ದೆ. ವೇದಿಕೆಯ ಮೇಲೆ ದಪ್ಪ ಗಾಜಿನ ಸೋಡಾಬುಡ್ಡಿ ಕನ್ನಡಕದ ಒಬ್ಬರು ಗಿಟಾರನ್ನು ಎಲ್ಲರ ಹಾಗೆ ಎದೆಗೆ ಒರಗಿಸದೆ ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಕೂತಿದ್ದರು. ಕನ್ನಡಕ ತೆಗೆದಿಟ್ಟು, ಬಲಗೈ ಬೆರಳಿನಿಂದ ಮೀಟುತ್ತ ಎಡಗೈಯಲ್ಲಿ ಒಂದು ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸಿದರು. ಅಷ್ಟೇ. ಸುಡು ಮಧ್ಯಾಹ್ನದ ರಾಗಿ ಹೊಲ, ಕಿವಿಗೆ ತಾಗಿದ ಕಂಬ, ಎಲ್ಲ ಬಂದು ಎದುರಿಗೆ ನಿಂತವು. ನನ್ನ ರೋಮ ಎದ್ದಿದ್ದು ಮುನಿರಾಜುವಿಗೂ ಕಂಡಿತಂತೆ.

"ಯಾರೋ ಇವ್ರು?" ಎಂದೆ.

"ಚೌರಪ್ಪ ಮಾಸ್ಟರ್ ಕಣೋ. ರೈಲ್ವೇಲಿ ಫಿಟ್ಟರ್. ಹವಾಯಿಯನ್ ಗಿಟಾರ್ ಅಂತಾರೆ ಅದನ್ನ. ಯಾಕೆ, ಚಳಿ ಆಗ್ತಿದ್ಯಾ?"

ಅಂದಿನಿಂದ ನನಗೆ ಮಾಸ್ಟರ ಹುಚ್ಚು ಹಿಡಿಯಿತು. ಹೆಬ್ಬಾಳ, ಯಲಹಂಕ, ತಣಿಸಂದ್ರ, ಬಾಗಲಗುಂಟೆ, ಅವರು ಎಲ್ಲಿ ನುಡಿಸಿದರೂ ನನ್ನ ಸೈಕಲ್ಲು ಅಲ್ಲಿ. ಆಫೀಸಿನಲ್ಲಿ ಟೈಪು ಮಾಡುವಾಗಲೂ ಬೆರಳು ಅವರ ತಾಳಕ್ಕೇ ಓಡಿ, ಸಾಹೇಬರ ಕಾಗದದಲ್ಲಿ ಒಂದೇ ಸಾಲು ಪಲ್ಲವಿಯ ಹಾಗೆ ಎರಡೆರಡು ಸಲ ಬರುತ್ತಿತ್ತು. ತಣಿಸಂದ್ರದ ಮದುವೆಯಲ್ಲಿ ಒಬ್ಬಳು ಅಜ್ಜಿ ಕಿವಿ ಮುಚ್ಚಿಕೊಂಡು, "ಇದೇನವ್ವ ಇಂಗೆ ಅಳ್ತೈತೆ, ಸತ್ತೋರು ಕೂಗ್ದಂಗೆ! ಮದ್ವೆ ಮನ್ಯಾಗೆ ಇದೆಲ್ಲ ಬ್ಯಾಡ ಅನ್ರೋ" ಎಂದು ಎದ್ದು ಹೋಗಿದ್ದಳು. ಅಜ್ಜಿಗೆ ಸಂಗೀತ ತಿಳಿಯದು ಎಂದು ನಾನು ನಕ್ಕಿದ್ದೆ. ಈಗ ನೋಡಿದರೆ ನಮ್ಮಿಬ್ಬರಲ್ಲಿ ತಿಳಿದವಳು ಅವಳೇ.

ನನಗಿದ್ದುದು ಒಂದೇ ಆಸೆ. ಮಾಸ್ಟರು ಒಂದು ಸಲ ನನ್ನನ್ನು ಗುರುತು ಹಿಡಿದು ಹೆಸರಿಟ್ಟು ಕರೆಯಬೇಕು. ಹೋಗಿ ಮಾತಾಡಿಸಬಹುದಿತ್ತಲ್ಲ ಎಂದರೆ, ನಾನು ಹುಟ್ಟಾ ಪುಕ್ಕಲ. ಎರಡು ಸಲ ಹತ್ತಿರ ಹೋಗಿ, ಅಲ್ಲೇ ನಿಂತಿದ್ದ ಜಟಕಾದ ಕುದುರೆಯನ್ನು ಸವರಿ ವಾಪಸ್ಸು ಬಂದಿದ್ದೆ.

ಆ ಜಟಕಾದ ಹಿಂಭಾಗದಲ್ಲಿ ಯಾವಾಗಲೂ ಒಂದು ಬೆತ್ತದ ಕುರ್ಚಿ ಕಟ್ಟಿರುತ್ತಿತ್ತು. ಮಾಸ್ಟರ ಹೆಂಡತಿ ಆರೋಗ್ಯಮ್ಮ ಅದನ್ನು ಇಳಿಸಿಸಿ, ಸೆರಗಿನಿಂದ ಒರೆಸಿ, ವೇದಿಕೆಯ ಎದುರಿಗೆ ಎಡಗಡೆ ಹಾಕಿಸುತ್ತಿದ್ದರು. ಹಳ್ಳಿ ಮದುವೆಗಳಲ್ಲಿ ಎಲ್ಲರೂ ಜಮಖಾನದ ಮೇಲೆ ಕೂರುವವರೇ. ಎದುರಿಗೆ ಅದೊಂದೇ ಕುರ್ಚಿ, ಅದೂ ಖಾಲಿ. ಯಾರೋ ದೊಡ್ಡವರು ಬರುವವರಿದ್ದಾರೆ ಎಂದುಕೊಂಡು ಯಾರೂ ಕೂರುತ್ತಿರಲಿಲ್ಲ.

ಯಲಹಂಕದ ಒಂದು ಛತ್ರದಲ್ಲಿ ನಾನು ಕೂತೆ. ದಾರಿಯಲ್ಲಿ ಸೈಕಲ್ ಪಂಕ್ಚರಾಗಿ ತಡವಾಗಿತ್ತು. ಕಾಲಿಡಲು ಜಾಗವಿರಲಿಲ್ಲ. ಬೆವರು ಸುರಿಸುತ್ತ ಹೋಗಿ, ಯಾರನ್ನೂ ಕೇಳದೆ, ಆ ಬೆತ್ತದ ಕುರ್ಚಿಯಲ್ಲಿ ಕುಕ್ಕರಿಸಿದೆ. ಆರೋಗ್ಯಮ್ಮ ದಡಕ್ಕನೆ ಎದ್ದು ನಿಂತರು. ಅಷ್ಟರಲ್ಲಿ ಮಾಸ್ಟರು ನನ್ನ ಕಡೆ ನೋಡಿದರು. ಅವರದೊಂದು ರೂಢಿ, ನುಡಿಸುವಾಗ ಕನ್ನಡಕ ತೆಗೆದು ಜೇಬಿಗಿಡುತ್ತಿದ್ದರು. ಜನರ ಮುಖ ಕಂಡರೆ ಕೈ ನಡುಗುತ್ತದೆಂದು ಹೇಳುತ್ತಿದ್ದರಂತೆ. ಆ ಬರಿಗಣ್ಣಿನಲ್ಲಿ ನನ್ನನ್ನೇ ನೋಡುತ್ತ ಮೀಟುವುದನ್ನು ನಿಲ್ಲಿಸಿದರು. ಉಕ್ಕಿನ ತುಂಡು ತಂತಿಯ ಮೇಲೆ ಹಾಗೇ ನಿಂತಿತ್ತು. ಆಮೇಲೆ ಅವರು ನಕ್ಕರು. ಆ ಮಧ್ಯಾಹ್ನ ಅವರು ನುಡಿಸಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ, ಆಮೇಲೂ ಬಹಳ ಸಲ ಕೇಳಲಿಲ್ಲ. ಆರೋಗ್ಯಮ್ಮ ಮೆಲ್ಲಗೆ ತಮ್ಮ ಜಾಗದಲ್ಲಿ ಕೂತರು. ಹಿಂದಿನಿಂದ ಯಾರೋ ಯಜಮಾನರು, "ಯಾರ್ ಸ್ವಾಮಿ ಇವ್ರು, ಅಮಲ್ದಾರ್ರಾ?" ಎಂದು ಕೇಳಿ ನನಗೊಂದು ಎಳನೀರು ಕಳಿಸಿದರು.

ಅಂದಿನಿಂದ ಆ ಕುರ್ಚಿ ನನ್ನದಾಯಿತು. ಪುಕ್ಕಲನಲ್ಲವೇ, ಅವರು ಕನ್ನಡಕ ತೆಗೆದ ಮೇಲೆ ಹೋಗಿ ಕೂತು, ಮತ್ತೆ ಹಾಕಿಕೊಳ್ಳುವ ಮುಂಚೆ ಎದ್ದು ಬಂದುಬಿಡುತ್ತಿದ್ದೆ.

ಹೆಬ್ಬಾಳದ ಕೆರೆಯ ಬದಿಯ ಒಂದು ತೋಟದ ಮನೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಕೆರೆ ಎಂದ ಮೇಲೆ ಸೊಳ್ಳೆ. ನನ್ನ ಎಡಕಿವಿಗೆ ಒಂದು ಸೊಳ್ಳೆ ಕಚ್ಚಿ, ಕಿವಿಯ ಹಾಲೆ ಹಿಡಿದು ಉಜ್ಜಿಕೊಂಡೆ. ಮಾಸ್ಟರು ತಟ್ಟನೆ ತಂತಿಯ ತಿರುಪು ಒಂದಿಷ್ಟು ತಿರುಗಿಸಿ ಶ್ರುತಿ ಸರಿಮಾಡಿಕೊಂಡರು. ಬಿಸಿಲಿಗೆ ತಂತಿ ಸಡಿಲವಾಗಿ ಸ್ವರ ಇಳಿದಿತ್ತು. ನನಗದು ಗೊತ್ತಾಗಿರಲಿಲ್ಲ, ಆದರೆ ಗೊತ್ತಾದವನ ಹಾಗೆ ಗಂಭೀರವಾಗಿ ತಲೆಯಾಡಿಸಿದೆ. ಮುಂದಿನ ಸಲ ಬೇಕೆಂದೇ ಕಿವಿ ಮುಟ್ಟಿದೆ. ಮತ್ತೆ ತಿರುಪು ತಿರುಗಿತು. ನನ್ನ ಜಂಬಕ್ಕೆ ಮಿತಿಯೇ ಇಲ್ಲದಾಯಿತು. ಅಷ್ಟು ದೊಡ್ಡ ಕಲಾವಿದ ನನ್ನ ಕಿವಿಯನ್ನು ನಂಬಿ ಶ್ರುತಿ ಹಿಡಿಯುತ್ತಾರೆ! ಅಳಿಯನಲ್ಲ ಮಗಳ ಗಂಡ ಎನ್ನುವ ಹಾಗೆ, ನಾನು ಅಭಿಮಾನಿಯಲ್ಲ, ಕಛೇರಿಯ ಕಿವಿ ಎಂದು ಮುನಿರಾಜುವಿನ ಮುಂದೆ ಕೊಚ್ಚಿಕೊಂಡೆ. ಕ್ರಮೇಣ ನನಗೆ ನಿಜವಾಗಿಯೇ ಶ್ರುತಿಯ ಏರಿಳಿತ ತಿಳಿಯತೊಡಗಿತು. ಅದು ಹೇಗೆ ಬಂತೆಂದು ಯೋಚಿಸಲಿಲ್ಲ.

ಮನೆಯಲ್ಲಿ ಅಮ್ಮ ಒಂದು ದಿನ ಬಡಿಸುತ್ತಿದ್ದವಳು ಕೈ ತಡೆದು, "ಯಾಕೋ ಹೀಗೆ ಹಿಮ್ಮಡಿ ಕುಟ್ಟುತ್ತೀಯ ಊಟ ಮಾಡುವಾಗ? ಇದ್ಯಾವ ಹೊಸ ಚಾಳಿ?" ಎಂದಳು. ನೋಡಿಕೊಂಡರೆ ನಿಜ. ಚಕ್ಕಳಮಕ್ಕಳ ಹಾಕಿ ಕೂತವನು ಬಲಗಾಲನ್ನು ಮುಂದೆ ಚಾಚಿ ಹಿಮ್ಮಡಿಯಿಂದ ನೆಲ ಕುಟ್ಟುತ್ತಿದ್ದೆ. ಅದುವರೆಗೆ ನಾನು ತಾಳ ಹಾಕಿದ್ದು ಬೆರಳಿನಲ್ಲಿ ಮಾತ್ರ.

ಹೀಗೇ ಮೂರು ವರ್ಷವಾಯಿತು. ಒಂದು ಭಾನುವಾರ ಮಧ್ಯಾಹ್ನ ಧೈರ್ಯ ಮಾಡಿ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು, ಯಶವಂತಪುರದ ಅವರ ಕ್ವಾರ್ಟರ್ಸಿಗೆ ಹೋದೆ. ಬಾಗಿಲು ತೆಗೆದ ಆರೋಗ್ಯಮ್ಮ ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಅವ್ರು ಡ್ಯೂಟಿಗೆ ಹೋಗಿದಾರೆ. ಒಳಗೆ ಬನ್ನಿ" ಎಂದರು. ಆಮೇಲೆ, "ನೀವು ಒಂದಲ್ಲಾ ಒಂದಿನ ಬಂದೇ ಬರ್ತೀರ ಅಂತ ಗೊತ್ತಿತ್ತು ಕಣ್ರೀ. ಮೂರು ವರ್ಷದಿಂದ ಹೆದರ್ಕೊಂಡೇ ಇದೀನಿ."

ಏನೆಂದು ತಿಳಿಯದೆ ಪೆಚ್ಚಾಗಿ ಕೂತೆ. ಟೀ ಕೊಟ್ಟರು. ಕೊನೆಗೆ ನಾನೇ, "ಮಾಸ್ಟರು ನನ್ನ ಬಗ್ಗೆ ಏನಾದ್ರೂ ಹೇಳ್ತಾರಾ ಅಮ್ಮಾ?" ಎಂದೆ.

"ಪ್ರತಿ ಸಲ ಹೇಳ್ತಾರೆ."

ನನ್ನ ಎದೆ ಉಬ್ಬಿತು. "ಏನಂತ?"

"'ಇವತ್ತೂ ಇನ್ನಾಸಿ ಬಂದಿದ್ದ' ಅಂತ."

ಅವರು ಗೋಡೆಯ ಕಡೆ ಕೈ ತೋರಿಸಿದರು. ಹಾರ ಹಾಕಿದ ಒಂದು ಫೋಟೋ. ತಲೆ ಬಾಚಿ, ಕೋಟು ತೊಟ್ಟು, ಹೊಳೆಯುವ ಬೂಟು ಹಾಕಿದ ಯುವಕ ಬೆತ್ತದ ಕುರ್ಚಿಯಲ್ಲಿ ಕೂತಿದ್ದ. ಅದೇ ಕುರ್ಚಿ.

"ಇವರ ತಮ್ಮ. ನನ್ನ ಮೈದುನ. ಇವ್ರು ನುಡಿಸೋದಕ್ಕೆ ಕೂತ್ರೆ ಅವ್ನು ಎದುರಿಗೆ ಕೂತಿರ್ಬೇಕು. ಹಿಮ್ಮಡೀಲಿ ತಾಳ ಹಾಕ್ತಿದ್ದ. ಶ್ರುತಿ ತಪ್ಪಿದ್ರೆ ಕಿವಿ ಮುಟ್ಕೊಂಡು ತೋರಿಸ್ತಿದ್ದ. ಇಪ್ಪತ್ತೆರಡಕ್ಕೇ ವಿಷಮಶೀತ ಜ್ವರದಲ್ಲಿ ಹೋಗ್ಬಿಟ್ಟ. ಆಮೇಲೆ ಇವ್ರು ಗಿಟಾರ್ ಮುಟ್ಟಲ್ಲ ಅಂದ್ರು. ನಾನೇ, ಕುರ್ಚಿ ಹಾಕಿಸ್ತೀನಿ, ಅವ್ನು ಕೂತಿದಾನೆ ಅಂತ ತಿಳ್ಕೊಂಡು ನುಡಿಸಿ ಅಂದೆ. ಕಣ್ಣು ಮುಚ್ಕೊಂಡು ನುಡಿಸೋರು. ನೀವು ಬಂದು ಕೂತ ದಿನ ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದ್ರು ಕಣ್ರೀ. ಎಷ್ಟೋ ದಿನ ಆಗಿತ್ತು. 'ಇನ್ನಾಸಿ ಬಂದ್ಬಿಟ್ಟ ಆರೋಗ್ಯ' ಅಂದ್ರು."

ನಾನು ಆ ಫೋಟೋದ ಹಾಗಿದ್ದೆನೇ ಎಂದು ಕೇಳಬೇಡಿ. ಅವನು ರಾಜಕುಮಾರನ ಹಾಗಿದ್ದ. ನಾನು ಒಣಗಿದ ನುಗ್ಗೆಕಾಯಿ. ಕನ್ನಡಕವಿಲ್ಲದ ಕಣ್ಣಿಗೆ ಎಲ್ಲ ನೆರಳೂ ಒಂದೇ. ಕಿವಿ ಮುಟ್ಟಿದ್ದು ಸೊಳ್ಳೆಯ ಕೃಪೆ. ಹಿಮ್ಮಡಿಯ ತಾಳಕ್ಕೆ ಮಾತ್ರ ಕಾರಣ ಹೊಳೆಯಲಿಲ್ಲ. ಆ ಹೊತ್ತಿನಲ್ಲಿ ನನ್ನ ಬಲಗಾಲು ಕುಟ್ಟುತ್ತಿದೆಯೋ ಎಂದು ನೋಡಿಕೊಳ್ಳಲೂ ಭಯವಾಯಿತು.

"ದಯವಿಟ್ಟು ನೀವ್ಯಾರು ಅಂತ ಅವ್ರಿಗೆ ಹೇಳ್ಬೇಡಿ. ಬರೋದನ್ನ ನಿಲ್ಲಿಸ್ಲೂಬೇಡಿ" ಎಂದರು ಆರೋಗ್ಯಮ್ಮ. "ನಿಮಗೆ ಕೈ ಮುಗೀತೀನಿ."

ವಯಸ್ಸಿನಲ್ಲಿ ದೊಡ್ಡವರು ಹಾಗೆ ಕೈ ಮುಗಿದ ಮೇಲೆ ಏನು ಹೇಳುವುದು? ಆಗಲಿ ಎಂದೆ. ಮನೆಗೆ ಬರುವ ದಾರಿಯಲ್ಲಿ ನನಗಾದ ದುಃಖ ಅಷ್ಟಿಷ್ಟಲ್ಲ. ಮೂರು ವರ್ಷ ಆ ಮನುಷ್ಯ ನನ್ನನ್ನೇ ನೋಡಿ ನಕ್ಕಿದ್ದರು, ಆದರೆ ಒಂದು ದಿನವೂ ನನ್ನನ್ನು ಕಂಡಿರಲಿಲ್ಲ. ಆದರೂ ಮುಂದಿನ ಭಾನುವಾರ ಹೋದೆ, ಅದೇ ಕುರ್ಚಿಯಲ್ಲಿ ಕೂತೆ. ಆರೋಗ್ಯಮ್ಮನಿಗೆ ಕೊಟ್ಟ ಮಾತಿಗಾಗಿ ಎಂದು ಹೇಳಿಕೊಂಡೆನಾದರೂ, ನಿಜ ಹೇಳಬೇಕೆಂದರೆ, ಆ ನಗು ಬಿಟ್ಟಿರಲು ನನ್ನಿಂದಾಗುತ್ತಿರಲಿಲ್ಲ. ಸತ್ತವನ ಪಾಲಿನದಾದರೂ ಸರಿ ಅನ್ನಿಸಿತ್ತು.

ಮಳೆಗಾಲದ ಕೊನೆಗೆ ನನಗೂ ಜ್ವರ ಹಿಡಿಯಿತು. ಡಾಕ್ಟರು ನಾಡಿ ಹಿಡಿದು ಅದೇ ಹೆಸರು ಹೇಳಿದರು, ವಿಷಮಶೀತ. ಅಮ್ಮ ಹಗಲೂ ರಾತ್ರಿ ಪಕ್ಕದಲ್ಲೇ ಕೂತಿದ್ದಳು. ಆ ಭಾನುವಾರ ಮಧ್ಯಾಹ್ನ ಯಶವಂತಪುರದ ಒಂದು ಹಾಲ್‌ನಲ್ಲಿ ಮಾಸ್ಟರ ಕಛೇರಿಯಿತ್ತು. ನಾಲ್ಕು ಗಂಟೆಗೆ ನಾನು ಹಾಸಿಗೆಯಲ್ಲಿ ಕಣ್ಣು ಬಿಟ್ಟು, "ಅಮ್ಮಾ, ಶುರುವಾಯ್ತು" ಎಂದೆನಂತೆ. ನನಗೆ ನೆನಪಿಲ್ಲ.

ಮರುದಿನ ಬೆಳಿಗ್ಗೆ ಮುನಿರಾಜು ಬಂದ. ಹೊಸ್ತಿಲಲ್ಲೇ ನಿಂತು ರೇಗಿದ.

"ಏನ್ ಗುರು, ನಿನ್ನೆ ಅಷ್ಟು ಕೂಗಿದ್ರೂ ತಿರುಗಿ ನೋಡ್ಲಿಲ್ಲ? ದೊಡ್ಡ ಮನುಷ್ಯ ಆಗ್ಬಿಟ್ಯಾ?"

"ಎಲ್ಲಿ?" ಎಂದೆ.

"ಎಲ್ಲಿ ಅಂದ್ರೆ? ಹಾಲ್‌ನಲ್ಲಿ! ನಿನ್ ಕುರ್ಚೀಲಿ ಕೂತಿದ್ಯಲ್ಲ. ಮಾಮೂಲಿ ಕಿವಿ ಮುಟ್ಕೊಳ್ತಿದ್ದೆ. ಬೂಟು ಬೇರೆ ಹಾಕ್ಕೊಂಡ್ ಬಂದಿದ್ದೆ, ಟಕ್ ಟಕ್ ಅಂತ ಮೈಕಲ್ಲೆಲ್ಲಾ ಬರ್ತಿತ್ತು. ಎದ್ದು ಬಂದು ನಿಂಗೆ ಹೇಳೋಣ ಅಂದ್ಕೊಂಡೆ."

ಒಳಗಿನಿಂದ ಅಮ್ಮ ಗಂಜಿಯ ಬಟ್ಟಲು ಹಿಡಿದು ಬಂದವಳು ಅಲ್ಲೇ ನಿಂತಳು. "ಮುನಿರಾಜು, ಇವನು ಎಂಟು ದಿನದಿಂದ ಹಾಸಿಗೆ ಬಿಟ್ಟು ಎದ್ದಿಲ್ಲಪ್ಪ" ಎಂದಳು. ಮುನಿರಾಜು ನನ್ನ ಗುಳಿಬಿದ್ದ ಕೆನ್ನೆ, ಒಣಗಿದ ತುಟಿ, ಹಾಸಿಗೆಯ ಪಕ್ಕದ ಔಷಧಿ ಸೀಸೆ ಎಲ್ಲ ನೋಡಿದ. ಆಮೇಲೆ ಸೈಕಲ್ ಹತ್ತಿ ಹೊರಟುಹೋದ. ನನಗೆ ಬೂಟೇ ಇರಲಿಲ್ಲ. ಜೀವಮಾನವೆಲ್ಲ ಚಪ್ಪಲಿಯವನು ನಾನು.

ಬೇರೆ ಯಾರೋ ಕೂತಿರಬಹುದು ಎಂದು ನೀವು ಹೇಳಬಹುದು. ಒಣಗಿದ ನುಗ್ಗೆಕಾಯಿಗಳಿಗೆ ಈ ಊರಿನಲ್ಲೇನು ಬರವೇ? ನಾನೂ ಹಾಗೆಯೇ ಅಂದುಕೊಂಡೆ. ಆದರೆ ನನಗೆ ಭಯಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಗೋಡೆಯ ಕಡೆ ತಿರುಗಿ ಮಲಗಿ ಅತ್ತೆ. ಅವನು ತಾನೇ ಬರುವುದಾದರೆ ನನ್ನ ಅಗತ್ಯವಾದರೂ ಏನು?

ಮೈಯಲ್ಲಿ ಶಕ್ತಿ ಬಂದ ಮೇಲೆ ಹೋದ ಮೊದಲ ಕಛೇರಿ ಬಾಗಲಗುಂಟೆಯ ಮದುವೆಯದು. ಚಪ್ಪರದ ಎದುರಿಗೆ, ಎಡಗಡೆ, ಬೆತ್ತದ ಕುರ್ಚಿ ಖಾಲಿಯಾಗಿತ್ತು. ಆರೋಗ್ಯಮ್ಮ ಕಣ್ಣಿನಲ್ಲೇ ಕೂರಿ ಎಂದರು. ನಾಲ್ಕು ಹೆಜ್ಜೆ ಹೋದೆ. ಐದನೆಯದು ಏಳಲಿಲ್ಲ. ಹಿಂದೆ ಬಂದು ಚಪ್ಪರದ ಕಂಬಕ್ಕೆ ಒರಗಿ ನಿಂತೆ. ಕಿವಿ ಕಂಬಕ್ಕೆ ತಾಗಿತು. ಮುನಿರಾಜು ಅದಕ್ಕೇ ಧ್ವನಿವರ್ಧಕ ಕಟ್ಟಿದ್ದನೋ ಏನೋ, ಒಳಗಿನಿಂದ 'ಊಂ' ಎಂದು ಸದ್ದು ಬರುತ್ತಿತ್ತು.

ಮಾಸ್ಟರು ಕನ್ನಡಕ ತೆಗೆದು ಜೇಬಿಗಿಟ್ಟರು. ಖಾಲಿ ಕುರ್ಚಿಯನ್ನು ನೋಡಿ ನಕ್ಕರು. ಅದೇ ನಗು. ನುಡಿಸತೊಡಗಿದರು. ಎರಡನೆಯ ಹಾಡಿನ ನಡುವೆ ಬಿಸಿಲಿಗೆ ಒಂದು ತಂತಿ ಇಳಿದದ್ದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ನನ್ನ ಕೈ ತಾನಾಗಿ ಕಿವಿಯ ಕಡೆ ಎದ್ದಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದು ಕೆಳಗಿಳಿಸಿದೆ. ಮಾಸ್ಟರು ಕುರ್ಚಿಯನ್ನು ನೋಡಿದರು, ಸಣ್ಣಗೆ ತಲೆಯಾಡಿಸಿದರು, ತಿರುಪು ತಿರುಗಿಸಿದರು. ಸ್ವರ ಸರಿಹೋಯಿತು.

ಮುಗಿದ ಮೇಲೆ ಕನ್ನಡಕ ಹಾಕಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು, ನನ್ನ ಹತ್ತಿರವೇ ಬಂದರು. ಅಷ್ಟು ಹತ್ತಿರದಿಂದ ಅವರನ್ನು ನಾನು ನೋಡಿದ್ದು ಅದೇ ಮೊದಲು.

"ಕಂಬಕ್ಕೆ ಕಿವಿ ಕೊಟ್ಟು ಕೇಳ್ತಿದ್ರಂತೆ, ಮೈಕ್‌ನೋರು ಹೇಳಿದ್ರು" ಎಂದರು. "ಹೊಸಬ್ರಾ ನೀವು?"

ಅವರ ಬೆನ್ನ ಹಿಂದೆ ಆರೋಗ್ಯಮ್ಮ ನಿಂತಿದ್ದರು. ಅವರ ಮುಖದಲ್ಲಿ ರಕ್ತವಿರಲಿಲ್ಲ. ಮೂರು ವರ್ಷ, ಎಷ್ಟು ಊರು, ಎಷ್ಟು ಪಂಕ್ಚರು, ಎಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಹೌದು ಸಾರ್" ಎಂದೆ. "ಇದೇ ಮೊದಲು."

ಆ ಮಾತು ಹೇಳುವಾಗ ಆದ ಸಂಕಟ ನನ್ನ ತಂದೆ ತೀರಿಕೊಂಡಾಗಲೂ ಆಗಿರಲಿಲ್ಲ. ನೀವು ನನ್ನನ್ನು ಕೆಟ್ಟವನು ಎಂದುಕೊಂಡರೂ ಅಡ್ಡಿಯಿಲ್ಲ, ಅದು ನಿಜ.

"ಹೆಸ್ರೇನು?"

"ಗೋಪಾಲ."

"ಗೋಪಾಲ" ಎಂದು ಒಂದು ಸಲ ಹೇಳಿ ನೋಡಿಕೊಂಡರು. "ಹಿಂದೆ ನಿಂತ್ಕೋಬೇಡಿ ಗೋಪಾಲ. ಮುಂದಿನ ಸಲ ಮುಂದೆ ಬನ್ನಿ. ನನ್ನ ತಮ್ಮನ ಪಕ್ಕ ಒಂದು ಕುರ್ಚಿ ಹಾಕಿಸ್ತೀನಿ. ಪಾಪ, ಅವ್ನು ಯಾವಾಗ್ಲೂ ಒಬ್ನೇ ಕೂತಿರ್ತಾನೆ."

ಹೇಳಿದ ಹಾಗೆಯೇ ಮಾಡಿದರು. ಮುಂದಿನ ಕಛೇರಿ ಯಲಹಂಕದ ಅದೇ ಛತ್ರದಲ್ಲಿ. ಬೆತ್ತದ ಕುರ್ಚಿಯ ಪಕ್ಕದಲ್ಲಿ ನನಗಾಗಿ ಒಂದು ಕಬ್ಬಿಣದ ಮಡಚುವ ಕುರ್ಚಿ. ನಾನು ಹೋಗಿ ಬೆತ್ತದ ಕುರ್ಚಿಯ ಮುಂದೆ ನಿಂತು, ಸ್ವಲ್ಪ ಬಾಗಿ, "ಇಲ್ಲಿ ಯಾರಾದರೂ ಇದ್ದಾರಾ?" ಎಂದು ಕೇಳಿದೆ. ಮೂರು ವರ್ಷದ ಹಿಂದೆ, ಬೆವರು ಸುರಿಸುತ್ತ ಬಂದ ದಿನ, ಕೇಳಬೇಕಾಗಿದ್ದ ಮಾತು ಅದು. ಉತ್ತರ ಬರಲಿಲ್ಲ. ನನ್ನ ಕುರ್ಚಿಯಲ್ಲಿ ಕೂತೆ.

ಮಾಸ್ಟರು ಕನ್ನಡಕ ತೆಗೆಯುವ ಮುಂಚೆ ನನ್ನ ಕಡೆ ನೋಡಿ, "ಗೋಪಾಲ, ಆರಾಮಾಗಿ ಕೂತ್ರಾ?" ಎಂದರು. ಆಮೇಲೆ ಕನ್ನಡಕ ಜೇಬಿಗಿಟ್ಟು ಮೊದಲ ಸ್ವರ ಹಿಡಿದರು. ನಾನು ಕಿವಿ ಮುಟ್ಟಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟು, ಎರಡೂ ಕಾಲು ಜೋಡಿಸಿ, ಚಪ್ಪಲಿ ನೆಲಕ್ಕೆ ಒತ್ತಿ ಹಿಡಿದು, ಅಲುಗಾಡದೆ ಎದುರಿಗೇ ನೋಡುತ್ತ ಕೂತಿದ್ದೆ.

ಪಕ್ಕದಲ್ಲಿ, ಛತ್ರದ ಕಲ್ಲುಹಾಸಿನ ಮೇಲೆ, ಬೂಟಿನ ಹಿಮ್ಮಡಿ ಟಕ್ ಟಕ್ ಎಂದು ತಾಳ ಹಾಕತೊಡಗಿತು.